ನಿಂತ ಗಾಡಿ, ಓಡಿದ ಗಾಡಿ

ಮಾನ್ವಿಯ ಅಕ್ಕಿ ಗಿರಣಿಯ ಅಂಗಳದಲ್ಲಿ ಮಾರಾಟಕ್ಕಿದ್ದ ಎರಡು ಡೀಸೆಲ್ ಎಸ್‌ಯುವಿಗಳ ಮುಂದೆ ನಾನು ನಿಂತಿದ್ದೆ. ಅಪ್ಪ ನನ್ನ ಹೆಗಲು ಹಿಡಿದಿದ್ದರು. ಪಾರ್ಶ್ವವಾಯುವಿನ ನಂತರ ಅವರನ್ನು ವಾರಕ್ಕೆರಡು ಸಲ ದೇವದುರ್ಗದಿಂದ ರಾಯಚೂರಿಗೆ ವ್ಯಾಯಾಮ ಚಿಕಿತ್ಸೆಗೆ ಕರೆದೊಯ್ಯಬೇಕಿತ್ತು. ಬಸ್ಸು ಹತ್ತಲಾಗದು, ಅವರಿಗೋ ಹೋಗುವ ಮನಸ್ಸೇ ಇರಲಿಲ್ಲ.

ಒಂದು ಗಾಡಿಗೆ ಹನ್ನೊಂದು ವರ್ಷ, ಓಡಿದ್ದು ಮೂವತ್ತೆಂಟು ಸಾವಿರ ಕಿಲೋಮೀಟರ್ ಮಾತ್ರ. ಇನ್ನೊಂದಕ್ಕೆ ಐದೇ ವರ್ಷ, ಆದರೆ ಒಂದೂವರೆ ಲಕ್ಷ ಓಡಿತ್ತು. ಕಡಿಮೆ ಓಡಿದ್ದನ್ನೇ ಕೊಡಿ ಎಂದೆ. ಗಿರಣಿಯ ಒಡತಿ ಯಾರಿಗಾಗಿ ಎಂದು ಕೇಳಿದರು. ಅಪ್ಪನತ್ತ ಕೈ ತೋರಿಸಿದೆ. ಒಡತಿ ನಾನು ಕೇಳಿದ ಗಾಡಿಯ ಬಾನೆಟ್ ಎತ್ತಿದರು. ಒಳಗೆ ಭತ್ತದ ಹೊಟ್ಟು ತುಂಬಿದ ಇಲಿಗೂಡು, ಕಡಿದ ವೈರು, ಮುಟ್ಟಿದರೆ ಬಿರಿಯುವ ರಬ್ಬರ್ ಪೈಪು.

"ಇದು ಓಡಿ ಸವದಿಲ್ರಿ ಅಣ್ಣಾರ, ನಿಂತು ಕೆಟ್ಟದ. ಅದು ದಿನಾ ರಾಯಚೂರಿಗೆ ಹೋಗಿ ಬರ್ತದ, ಹೊತ್ತಿಗೆ ಸರಿಯಾಗಿ ಆಯಿಲ್ ಹಾಕಸೀವಿ. ಯಜಮಾನರಿಗೆ ಅದನ್ನ ಒಯ್ರಿ," ಎಂದು ಸರ್ವಿಸ್ ಚೀಟಿಗಳ ಕಟ್ಟನ್ನೇ ಕೈಗಿಟ್ಟರು. ನಮ್ಮೂರಿನ ಮೆಕ್ಯಾನಿಕ್ ನೋಡಿ ಒಪ್ಪಿದ ಮೇಲೆ ಅದನ್ನೇ ಕೊಂಡೆವು.

ಮೊದಲ ಚಿಕಿತ್ಸೆಯ ದಿನ ಬೆಳಿಗ್ಗೆ ಅಪ್ಪನನ್ನು ಒಪ್ಪಿಸುವುದು ಹೇಗೆಂದು ಯೋಚಿಸುತ್ತ ಹೊರಬಂದೆ. ಅವರು ಕೋಲೂರಿಕೊಂಡು ಆಗಲೇ ಗಾಡಿಯ ಬಾಗಿಲ ಬಳಿ ನಿಂತಿದ್ದರು. "ಏನ್ ನೋಡಾಕತ್ತೀಯಲೇ, ಬಾಗಿಲಾ ತಗಿ. ನಿಂತರ ಕೆಡ್ತದಂತ ಆ ಯವ್ವ ಹೇಳಿಲ್ಲೇನು?" ಎಂದರು.