ಬಲಕ್ಕೆ ಕುಡಿಯಿದ್ದ ಎಲೆ

೧೯೫೮ರಲ್ಲಿ ನಾನು ಮದ್ರಾಸಿನ ಒಂದು ಕನ್ನಡ ವಾರಪತ್ರಿಕೆಯಲ್ಲಿ ಉಪಸಂಪಾದಕ. ಕನ್ನಡ ಚಿತ್ರಗಳು ಹೆಚ್ಚಾಗಿ ಕೋಡಂಬಾಕಂನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದ ಕಾಲ. ವಾರಕ್ಕೊಂದು ಚಿತ್ರಗೀತೆಯ ಅರ್ಥವನ್ನು ಬರೆದವರ ಬಾಯಿಂದಲೇ ಕೇಳಿ ಪ್ರಕಟಿಸುವ ಅಂಕಣ ನನ್ನ ಪಾಲಿಗೆ ಬಂದಿತ್ತು. ಬರೆದುಕೊಂಡದ್ದನ್ನು ಅವರಿಗೆ ಓದಿ ಹೇಳಿ, ಕೆಳಗೆ ಸಹಿ ಪಡೆಯದೆ ಒಂದು ಸಾಲೂ ಅಚ್ಚಿಗೆ ಹೋಗಬಾರದೆಂಬುದು ಸಂಪಾದಕರ ಕಟ್ಟಪ್ಪಣೆ.

ಮಧ್ಯಾಹ್ನದ ಊಟ ತ್ಯಾಗರಾಯನಗರದ ಒಂದು ಉಡುಪಿ ಹೋಟೆಲಿನಲ್ಲಿ. ಅಲ್ಲಿ ಬಡಿಸುತ್ತಿದ್ದ ಸುಬ್ರಾಯ ಕುಂದಾಪುರದ ಕಡೆಯವನು, ನನ್ನದೇ ವಯಸ್ಸು. ಒಂದು ದಿನ ರೇಡಿಯೋದಲ್ಲಿ ಹೊಸ ಹಾಡು ಬಂತು. ಸುಬ್ರಾಯ ಸಾರಿನ ಪಾತ್ರೆ ಕೆಳಗಿಟ್ಟು ನಿಂತುಬಿಟ್ಟ.

ಎಲೆಯ ಕುಡಿಯ ಬಲಕೆ ತಿರುವಿ ಹಾಸಿ ಕಾದೆನು,
ಒಂದು ತುತ್ತು ಉಂಡು ಹೋಗು, ಬಾರೋ.

“ಇದು ನನ್ನ ಹಾಡು ಮಾರಾಯ್ರೆ,” ಎಂದ. “ಗೌರಿ ತೀರಿಹೋದ ವರ್ಷ ನಾನು ಬರೆದದ್ದು. ನಾನು ‘ಬಾರೇ’ ಅಂತ ಬರೆದಿದ್ದೆ. ಆ ಪುಣ್ಯಾತ್ಮ ‘ಬಾರೋ’ ಮಾಡಿದ್ದಾನೆ. ಅಷ್ಟೇ ಅವನ ಕೆಲಸ.”

ಗೌರಿ ಅವನ ಹೆಂಡತಿ; ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಪುಣ್ಯಾತ್ಮನೆಂದರೆ ಹೆಸರಾಂತ ಗೀತರಚನೆಕಾರ ಪದ್ಮನಾಭರಾಯರು. ರೆಕಾರ್ಡಿಂಗ್ ಇದ್ದ ದಿನ ಅದೇ ಹೋಟೆಲಿನಲ್ಲಿ ಉಣ್ಣುತ್ತಿದ್ದರು. ಸುಬ್ರಾಯ ತೋರಿಸಿದ ಹಾಳೆಯನ್ನು “ನೋಡಿ ಹೇಳ್ತೀನಿ” ಎಂದು ಜೇಬಿಗಿಳಿಸಿದ್ದರು. ಇನ್ನೊಂದು ಪ್ರತಿ ಇರಲಿಲ್ಲ.

ಊಟಕ್ಕೆ ಕೂತವರ ಎಡಕ್ಕೆ ಕುಡಿ ಬರುವಂತೆ ಬಾಳೆಎಲೆ ಹಾಕುವುದು ವಾಡಿಕೆ. ಸತ್ತವರ ಹೆಸರಿನಲ್ಲಿ ಹಾಕುವ ಎಲೆಗೆ ಮಾತ್ರ ಕುಡಿ ಬಲಕ್ಕೆ. ಸತ್ತ ಹೆಂಡತಿಯನ್ನು ಉಣ್ಣಲು ಕರೆದ ಆ ಹಾಡನ್ನು ಚಿತ್ರದಲ್ಲಿ ಮದುವೆಯ ಊಟದ ಪಂಕ್ತಿಗೆ ಹಾಕಿದ್ದರು.

“ನಿನಗೇನು ಬೇಕು?” ಎಂದು ಕೇಳಿದೆ.

“ದುಡ್ಡು ಬೇಡ. ಅವನ ಮುಖ ಇಳಿಯೋದನ್ನು ನೋಡ್ಬೇಕು.”

ನನಗೂ ಬೇಕಿತ್ತು. ಹಿಂದೆ ನನ್ನ ಒಂದು ವಿಮರ್ಶೆಯನ್ನು ರಾಯರು ಪತ್ರಿಕೆಯ ಮಾಲೀಕರಿಗೆ ಹೇಳಿ ನಿಲ್ಲಿಸಿದ್ದರು.

ಮರುದಿನವೇ ಕೀಲ್ಪಾಕಿನ ಅವರ ಮನೆಗೆ ಹೋದೆ. ರಾಯರು ಬೆಳೆದದ್ದು ಪುಣೆಯಲ್ಲಿ, ತಟ್ಟೆಯಲ್ಲಿ ಉಂಡು. ಹಾಡಿನ ಮೊದಲ ಸಾಲಿನ ಅರ್ಥ ಕೇಳಿದೆ.

“ಬಲ ಅಂದರೆ ಮಂಗಳ. ವಧು ಬಲಗಾಲಿಟ್ಟು ಒಳಗೆ ಬರೋದಿಲ್ಲವೇ? ಹಾಗೇ ಕುಡಿಯನ್ನು ಬಲಕ್ಕೆ ಮಾಡಿ ನಲ್ಲನನ್ನು ಕರೀತಾಳೆ. ಆಳವಾದ ಕಲ್ಪನೆ ಕಣಯ್ಯ, ಪ್ರೂಫ್ ತಿದ್ದೋರಿಗೆ ಹೊಳೆಯೋದಲ್ಲ.”

“ಬೇರೆ ಅರ್ಥ ಏನಾದರೂ ಇರಬಹುದೇ?” ಎಂದೆ. ಅವರಿಗೆ ಅವಕಾಶ ಕೊಡಲು ಕೇಳಿದ್ದಲ್ಲ. ಗುಂಡಿ ಇನ್ನಷ್ಟು ಆಳವಾಗಲಿ ಎಂದು.

“ನಾನು ಬರೆದದ್ದಕ್ಕೆ ನನ್ನದೇ ಕೊನೇ ಮಾತು.” ಓದಿ ಹೇಳಿದೆ. ದೊಡ್ಡದಾಗಿ ಸಹಿ ಹಾಕಿದರು.

ಹಾಡು ಯಾರಿಗಾಗಿ, ಕುಡಿ ಬಲಕ್ಕೇಕೆ ಎಂಬ ಸುಬ್ರಾಯನ ಹೇಳಿಕೆಯನ್ನೂ ಬರೆದುಕೊಂಡು ಸಹಿ ಪಡೆದೆ. ಎರಡನ್ನೂ ಅಕ್ಕಪಕ್ಕದ ಕಾಲಂಗಳಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ ಅಚ್ಚು ಹಾಕಿದೆವು. ನಮ್ಮದೆಂದು ಒಂದು ಮಾತೂ ಸೇರಿಸಲಿಲ್ಲ.

ಸಂಚಿಕೆ ಬಂದ ದಿನ ರಾಯರು ಪತ್ರಿಕೆ ಹಿಡಿದು ಹೋಟೆಲಿಗೆ ನುಗ್ಗಿದರು. ನಾನು ಉಣ್ಣುತ್ತಿದ್ದೆ. “ಈ ಕಳ್ಳನನ್ನು ಈಗಲೇ ಕೆಲಸದಿಂದ ತೆಗೀರಿ!” ಎಂದು ಗಲ್ಲಾದಲ್ಲಿದ್ದ ಮಾಲೀಕರ ಮೇಲೆ ಕೂಗಾಡಿದರು.

ಸುಬ್ರಾಯ ಕುರ್ಚಿ ಎಳೆದ. “ಮೊದಲು ಊಟ ಮಾಡಿ ರಾಯರೇ. ಹಸಿದು ಬೈದ್ರೆ ಗಂಟಲು ಒಣಗ್ತದೆ.”

ಅವರು ಧಪ್ಪನೆ ಕೂತರು. ಸುಬ್ರಾಯ ಎಲೆ ಹಾಕಿ ನೀರು ಚಿಮುಕಿಸಿದ. ಕುಡಿ ಬಲಕ್ಕಿತ್ತು. ಬಡಿಸುವವರೆಲ್ಲ ನಿಂತಲ್ಲೇ ನಿಂತರು.

“ಎಲೆ ತಿರುಗಿಸು,” ಎಂದರು ರಾಯರು. ದನಿ ಇಳಿದಿತ್ತು.

“ಯಾಕೆ? ಬಲ ಅಂದ್ರೆ ಮಂಗಳ ಅಂತ ನೀವೇ ಸಹಿ ಹಾಕಿದ್ದಲ್ವಾ?”

ರಾಯರ ಕೈ ಎಲೆಯ ಅಂಚಿನವರೆಗೆ ಹೋಗಿ ಹಿಂದೆ ಬಂತು. ಎದ್ದು, ಯಾರನ್ನೂ ನೋಡದೆ ಹೊರಗೆ ಹೋದರು. ನಾನು ಆ ಮುಖವನ್ನು ಕಣ್ತುಂಬ ನೋಡಿದೆ. ಅಂದು ನನಗಾದದ್ದು ಶುದ್ಧ ಸಂತೋಷ; ಅದನ್ನು ನ್ಯಾಯವೆಂದು ಕರೆದರೆ ಸುಳ್ಳಾದೀತು.

ಮುಂದೆ ಅಚ್ಚಾದ ಹಾಡಿನ ಪುಸ್ತಕದಲ್ಲಿ ಆ ಗೀತೆಯ ಕೆಳಗೆ ರಾಯರ ಹೆಸರಿರಲಿಲ್ಲ. ಸುಬ್ರಾಯನದೂ ಇರಲಿಲ್ಲ.

ಯಾವುದನ್ನಾದರೂ ತನ್ನದೆನ್ನುವವನ ಎದುರು ವಾದ ಮಾಡಬೇಡ, ಅದರ ಅರ್ಥ ಕೇಳಿ ಅವನ ಮಾತಿನಲ್ಲೇ ಬರೆದುಕೋ: ವೃತ್ತಿ ನನಗೆ ಕಲಿಸಿದ ಪಾಠ ಇದು. ಇನ್ನೊಂದನ್ನು ಕಲಿಸಿದವನು ಸುಬ್ರಾಯ. ಆ ಮಧ್ಯಾಹ್ನ ಖಾಲಿ ಎಲೆಯನ್ನು ಮಡಚುತ್ತಾ ಅವನು ಹೇಳಿದ: “ಗೌರಿಗೆ ಅಂತ ಇದ್ದ ಎಲೆ. ಅವನಿಗೆ ಹಾಕಬಾರದಿತ್ತು ಮಾರಾಯ್ರೆ.”