ಅಟ್ಟದ ಮೇಲಿನ ನೀಲಿ ಚೀಲಗಳು

ಇಚಲಕರಂಜಿಯ ನಮ್ಮ ಎರಡು ಕೋಣೆಯ ಮನೆಯ ಅಟ್ಟದ ಮೇಲೆ ಒಂದು ವರ್ಷ ಬೇರೆಯವರ ಕೂಸುಗಳ ಬಟ್ಟೆ ತುಂಬಿತ್ತು. ಇನ್ನೂ ಹುಟ್ಟದ ಕೂಸುಗಳ ಬಟ್ಟೆ. ಎಲ್ಲವೂ ನೀಲಿ ಚೀಲಗಳಲ್ಲಿ, ಒಂದೊಂದು ಚೀಲದ ಮೇಲೂ ದೂರದ ಒಂದು ದೇಶದ ಬಾವುಟ. ನಮ್ಮ ಓಣಿಯ ಬಸುರಿಯರಿಗೆ ಆ ದೇಶದ ಜನ ಕಳಿಸಿದ ಕಾಣಿಕೆ ಅದು. ಇಸಿದುಕೊಂಡವರಲ್ಲಿ ಒಬ್ಬಳೂ ಅದನ್ನು ತನ್ನ ಮನೆಯೊಳಗೆ ಒಯ್ಯಲಿಲ್ಲ.

ನಾನು ಆ ಚೀಲ ಹಂಚುವ ಯೋಜನೆಯ ಕಾರ್ಯಕರ್ತೆ. ನನಗಿದ್ದ ಅರ್ಹತೆ ಒಂದೇ, ಕನ್ನಡ ಬರುತ್ತಿತ್ತು. ಮಗ್ಗದ ಕೆಲಸ ಹುಡುಕಿಕೊಂಡು ಮಹಾರಾಷ್ಟ್ರಕ್ಕೆ ಬಂದ ನಮ್ಮಂಥ ಮನೆಗಳ ಹೆಂಗಸರು ಮರಾಠಿಯಲ್ಲಿ ತರಕಾರಿ ಕೊಳ್ಳುತ್ತಾರೆ, ಜಗಳವನ್ನೂ ಚೆನ್ನಾಗಿಯೇ ಆಡುತ್ತಾರೆ, ಆದರೆ ಹೊಟ್ಟೆಯೊಳಗಿನ ಮಾತು ಬಂದರೆ ಕನ್ನಡಕ್ಕೆ ತಿರುಗುತ್ತಾರೆ. ಅದಕ್ಕೇ ನನ್ನನ್ನು ಹಿಡಿದರು. ನೀಲಿ ಸೀರೆ ಉಟ್ಟು, ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡು ನಾನೂ ಸ್ವಲ್ಪ ಉಬ್ಬಿದ್ದೆ. ಈಗ ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಏಳನೇ ತಿಂಗಳ ತಪಾಸಣೆಯ ದಿನ ಚೀಲ ಕೊಡುತ್ತಿದ್ದರು. ಒಳಗೆ ಸಾಬೂನು, ಹೊದಿಕೆ, ಪುಟ್ಟ ಅಂಗಿ, ಒಂದು ಹಳದಿ ಕುಲಾವಿ. ಒಳಜೇಬಿನಲ್ಲಿ ಡಾಕ್ಟರು ಬರೆದ ಕಾರ್ಡು. ಬಸುರಿಗೆ ಅಪಾಯವಿದ್ದರೆ ಆ ಕಾರ್ಡು ಕೆಂಪು. ಅದನ್ನು ಕಂಡ ಯಾವ ಆಸ್ಪತ್ರೆಯವರೂ ಕೂಡಲೇ ಎಚ್ಚೆತ್ತುಕೊಳ್ಳಬೇಕು ಎಂಬುದು ಉದ್ದೇಶ. ಕಾರ್ಡು ಇಟ್ಟ ಮೇಲೆ ಜಿಪ್ಪಿಗೆ ಪ್ಲಾಸ್ಟಿಕ್ ಸೀಲು ಬೀಳುತ್ತಿತ್ತು. ಹೆರಿಗೆಯ ಹೊತ್ತಿಗೆ ಆಸ್ಪತ್ರೆಯವರೇ ಅದನ್ನು ಒಡೆಯಬೇಕು. ಬಡವರು ಸಾಬೂನು ಮಾರಿಕೊಂಡುಬಿಟ್ಟಾರು ಎಂದು ಆ ದೇಶದಲ್ಲಿ ಯಾರಿಗೋ ನಿದ್ದೆ ಹತ್ತಿರಲಿಲ್ಲವೇನೋ.

ನಮ್ಮಲ್ಲಿ ಕೂಸು ಹುಟ್ಟುವ ಮೊದಲು ಅದಕ್ಕೆಂದು ಒಂದು ದಾರದೆಳೆಯನ್ನೂ ತರುವುದಿಲ್ಲ. ತಂದರೆ ಕೂಸು ದಕ್ಕುವುದಿಲ್ಲ ಎಂಬ ಹೆದರಿಕೆ. ಕೂಸು ಹುಟ್ಟುವ ಮುನ್ನ ಕುಲಾವಿ ಎನ್ನುವುದು ಉಳಿದವರಿಗೆ ಗಾದೆ, ನಮ್ಮ ಅತ್ತೆಗೆ ಅದು ಕಾಯಿದೆ. ಹುಟ್ಟಿದ ಮೇಲೂ ಮೊದಲು ತೊಡಿಸುವುದು ಯಾರದಾದರೂ ಹಳೆಯ ಬಟ್ಟೆಯನ್ನೇ. ಹಾಗಾಗಿ ಹೆಂಗಸರು ಆಸ್ಪತ್ರೆಯಲ್ಲಿ ನಗುನಗುತ್ತ ಚೀಲ ಇಸಿದುಕೊಂಡು ಸೀದಾ ನಮ್ಮ ಮನೆಗೆ ಬಂದು, ಕೂಸು ಹುಟ್ಟಿದ ಮೇಲೆ ಒಯ್ಯುತ್ತೇವೆ ಎಂದು ನನ್ನ ಕೈಗೆ ಕೊಟ್ಟು ಹೋಗುತ್ತಿದ್ದರು. ನಾನು ಅಟ್ಟಕ್ಕೆ ಏರಿಸುತ್ತಿದ್ದೆ.

ಒಮ್ಮೆ ಆ ದೇಶದಿಂದ ಒಬ್ಬ ಹೆಂಗಸು ನಮ್ಮ ಕೆಲಸ ನೋಡಲು ಬಂದಳು. ಸೆಕೆಗೆ ಮುಖ ಕೆಂಪಾಗಿತ್ತು, ಆದರೂ ಕುರ್ಚಿ ಬೇಡವೆಂದು ನಮ್ಮ ಜೊತೆ ಜಮಖಾನೆಯ ಮೇಲೆ ಕೂತಳು. ಅವಳು ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನಾಲ್ಕು ಬೈದು ಹಗುರಾಗಬಹುದಿತ್ತು. ಈ ಚೀಲದ ವಿಷಯದಲ್ಲಿ ಹೆಂಗಸರಿಗೆ ಏನಾದರೂ ತೊಂದರೆಯಿದೆಯೇ, ಮುಚ್ಚಿಡದೆ ಹೇಳಿ, ಎಂದು ನನ್ನನ್ನೇ ಕೇಳಿದಳು. ಆಫೀಸಿನ ಮೇಡಂ ಅದನ್ನು ಮರಾಠಿಗೆ ತಿರುಗಿಸಿ, ಎಲ್ಲರೂ ಖುಷಿಯಾಗಿದ್ದಾರೆ ತಾನೇ ಎಂದು ನನ್ನತ್ತ ಕಣ್ಣು ದೊಡ್ಡದು ಮಾಡಿದರು.

ಹೇಳಬಹುದಿತ್ತು. ಆದರೆ ಆ ಬಿಳಿ ಹೆಂಗಸಿನ ಮುಂದೆ ನಮ್ಮ ಪದ್ಧತಿಯನ್ನು ಬಿಚ್ಚಿಡಲು ನನಗೆ ನಾಚಿಕೆಯಾಯಿತು. ಎಂಥ ಮೂಢರು ಎಂದುಕೊಂಡಾಳು ಅನ್ನಿಸಿತು. "ಹೋಯ್ ಮೇಡಂ, ಬಾಯಕಾ ಲಈ ಖುಶ್ ಆಹೇತ," ಎಂದೆ. ಹೌದು, ಹೆಂಗಸರೆಲ್ಲ ಭಾಳ ಖುಷಿಯಾಗಿದ್ದಾರೆ ಎಂದು.

ಅವತ್ತೇ ಅವಳು ತನ್ನ ಕೈಯಾರೆ ಒಂದು ಚೀಲ ಕೊಟ್ಟು ಫೋಟೋ ತೆಗೆಸಿಕೊಂಡಳು. ಚೀಲ ಇಸಿದುಕೊಂಡವಳು ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ಚೊಚ್ಚಲ ಬಸುರಿ. ಅವಳ ಕಾಲು ಬಾತಿದ್ದವು, ಬಿಪಿ ಏರಿತ್ತು. ಅವಳ ಚೀಲದೊಳಗೆ ಕೆಂಪು ಕಾರ್ಡಿತ್ತು.

ಸೀಮಂತದ ಕುಬಸ ಆದ ಮೇಲೆ ಗಡಹಿಂಗ್ಲಜದ ಆಚೆಯ ತವರೂರಿಗೆ ಅವಳು ಹೊರಟಳು. ಚೀಲ ಜೊತೆಗೆ ಕಳಿಸೋಣ ಎಂದು ನಾನು ಅಟ್ಟಕ್ಕೆ ಕೈ ಚಾಚಿದೆ. ಅತ್ತೆ ಅಡ್ಡ ಬಂದರು. "ಹುಟ್ಟದ ಕೂಸಿನ ಅರಿವಿ ಹೊರಿಸಿ ನನ್ನ ಸೊಸೀನ ತವರಮನಿಗೆ ಕಳಸ್ತಿಯೇನ? ನಿನಗ ಪಗಾರ ಕೊಡಾವ್ರು ನಾಳೆ ಬಂದು ಅಳತಾರೇನ?" ಎಂದರು. ಚೀಲ ಬೇಡ, ಸೀಲು ಕತ್ತರಿಸಿ ಕಾರ್ಡೊಂದನ್ನೇ ಕೊಟ್ಟು ಕಳಿಸಬಹುದಿತ್ತು. ಆದರೆ ಸೀಲು ಒಡೆದ ಚೀಲ ಸಿಕ್ಕರೆ ಕಾರ್ಯಕರ್ತೆಯ ಕೆಲಸ ಹೋಗುತ್ತದೆ ಎಂದು ಹೇಳಿದ್ದರು. ಹೆರಿಗೆಗೆ ಇನ್ನೂ ಹೊತ್ತಿದೆ, ಆಮೇಲೆ ನಾನೇ ಒಯ್ದು ಕೊಟ್ಟರಾಯಿತು ಎಂದುಕೊಂಡೆ. ಬಸ್ಸಿನ ಹತ್ತಿರ ಮಾತ್ರ, ಬಿಪಿ ಇದೆಯೆಂದು ಅಲ್ಲಿಯ ಡಾಕ್ಟರಿಗೆ ಹೇಳು ಎಂದೆ. ಅವಳು ಹೂಂ ಎಂದು ಕಿಟಕಿಯ ಸೀಟಿಗೆ ಓಡಿದಳು.

ಮೂರು ವಾರದ ಮೇಲೆ ಒಂದು ಮಧ್ಯಾಹ್ನ ಅವಳ ಅಣ್ಣನ ಫೋನು ಬಂತು. ಎರಡು ದಿನದಿಂದ ತಲೆ ಸಿಡಿಯುತ್ತಿದೆ ಎನ್ನುತ್ತಿದ್ದಳಂತೆ. ಪಿತ್ತವೆಂದು ತಿಳಿದು ತಾಯಿ ಹಣೆಗೆ ಶುಂಠಿ ಹಚ್ಚಿದ್ದಳು. ಬೆಳಿಗ್ಗೆ ಕಣ್ಣು ಮಂಜಾಗಿ, ಆಮೇಲೆ ಸೆಳೆತ ಬಂದು ಪ್ರಜ್ಞೆ ತಪ್ಪಿತ್ತು. ಗಡಹಿಂಗ್ಲಜದ ಆಸ್ಪತ್ರೆಯಲ್ಲಿ ಹಿಂದಿನ ಕಾಗದ ಕೇಳುತ್ತಿದ್ದರು.

ಅಟ್ಟ ಹತ್ತಿ, ಗಂಡನ ನೂಲು ಕತ್ತರಿಸುವ ಕತ್ತರಿಯಿಂದ ಸೀಲು ಕಡಿದೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ, ಅಕ್ಷರ ಮಾತ್ರ ಗೊತ್ತು. ಕಾರ್ಡಿನ ಮೇಲಿದ್ದುದನ್ನು ಒಂದೊಂದೇ ಅಕ್ಷರ ಬಿಡಿಸಿ ಫೋನಿನಲ್ಲಿ ಡಾಕ್ಟರಿಗೆ ಒಪ್ಪಿಸಿದೆ. ಅವರು ಬೈಯಲಿಲ್ಲ. ಇದನ್ನು ಮೊದಲೇ ಯಾಕೆ ತೋರಿಸಲಿಲ್ಲ ಎಂದಷ್ಟೇ ಮರಾಠಿಯಲ್ಲಿ ಕೇಳಿದರು. ಆಮೇಲೆ ಅವಳನ್ನು ಕೊಲ್ಹಾಪುರಕ್ಕೆ ಸಾಗಿಸಿದರು.

ನಾನೂ ಅತ್ತೆಯೂ ಬಸ್ಸು ಹಿಡಿದು ಕೊಲ್ಹಾಪುರಕ್ಕೆ ಹೋದೆವು. ಚೀಲ ನನ್ನ ತೊಡೆಯ ಮೇಲಿತ್ತು. ಹಾತಕಣಂಗಲೆ ದಾಟಿದರೂ ಅತ್ತೆ ಅದರ ಕಡೆ ನೋಡಲಿಲ್ಲ.

ನೆಗೆಣ್ಣಿ ಉಳಿದಳು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು. ಆಸ್ಪತ್ರೆಯ ಆಯಾ ಹೊರಗೆ ಬಂದು, ಸುತ್ತಲು ಬಟ್ಟೆಯಿದ್ದರೆ ಕೊಡಿ ಎಂದಳು. ನಾವು ಹಳೆಯ ಬಟ್ಟೆಯನ್ನೂ ತಂದಿರಲಿಲ್ಲ. ಅತ್ತೆ ನನ್ನ ಕಂಕುಳಲ್ಲಿದ್ದ ಚೀಲಕ್ಕೆ ಕೈ ಹಾಕಿದರು.

"ತಗಿಯವ್ವಾ. ಇನ್ನ ಏನೂ ಅಡ್ಡಿ ಇಲ್ಲ," ಎಂದರು.

ಹೊದಿಕೆಯಲ್ಲಿ ಸುತ್ತಿದೆವು. ಕುಲಾವಿಯನ್ನು ಅತ್ತೆಯೇ ಹಾಕಿದರು. ಅದು ಅಳತೆಗೆ ಸರಿಯಾಗಿತ್ತು.

ಮನೆಗೆ ಬಂದವಳೇ ಅಟ್ಟದ ಮೇಲಿನ ಎಲ್ಲ ಚೀಲಗಳ ಸೀಲು ಕಡಿದೆ. ಕಾರ್ಡುಗಳನ್ನು ಮನೆಮನೆಗೆ ಒಯ್ದು, ಇದನ್ನು ಕುಪ್ಪಸದಲ್ಲಾದರೂ ಇಟ್ಟುಕೊಳ್ಳಿ ಎಂದು ಕೊಟ್ಟು ಬಂದೆ. ಆಫೀಸಿನ ಮೇಡಂ ಕೂಗಾಡಿದರು. ನಾನೂ ಕೂಗಾಡಿದೆ. ಅಂಥ ಧೈರ್ಯ ಬೇಕಾಗಿದ್ದುದು ಆ ಜಮಖಾನೆಯ ಮೇಲೆ. ಆಗ ಅದು ಎಲ್ಲಿ ಅಡಗಿತ್ತೋ.

ಕೆಲವು ವಾರ ಕಳೆದ ಮೇಲೆ, ಕೊಟ್ಟ ಚೀಲಗಳ ವಿಚಾರಣೆಗೆ ಆಫೀಸಿನವನೊಬ್ಬ ಬಂದ. ವರದಿ ಆ ದೇಶಕ್ಕೆ ಹೋಗಬೇಕಿತ್ತು. ನೆಗೆಣ್ಣಿ ನಮ್ಮಲ್ಲಿಗೆ ವಾಪಸು ಬಂದಿದ್ದಳು, ಹಾಲು ಕಟ್ಟಿದ ಎದೆಗೆ ಬಟ್ಟೆ ಬಿಗಿದುಕೊಂಡು ಹೊಸ್ತಿಲ ಹತ್ತಿರ ಕೂತಿದ್ದಳು. ಕೂಸಿನ ಸಂಗತಿ ಹೇಳಹೋದರೆ, ಅದನ್ನು ಬರೆದುಕೊಳ್ಳುವವರು ಬೇರೆ ಇದ್ದಾರೆ, ನನ್ನದು ಚೀಲದ್ದಷ್ಟೇ ಎಂದ. ಅವನ ಹಾಳೆಯಲ್ಲಿದ್ದ ಪ್ರಶ್ನೆ ಒಂದೇ. ಚೀಲದೊಳಗಿನ ಬಟ್ಟೆಯನ್ನು ಕೂಸಿಗೆ ತೊಡಿಸಿದಿರಾ?

ನೆಗೆಣ್ಣಿ ತಲೆಯೆತ್ತಿ ನನ್ನನ್ನು ನೋಡಿದಳು.

"ಹೌದಂತ ಹೇಳಕ್ಕಾ," ಎಂದಳು. "ತೊಡಿಸೇವಲ್ಲ."

ಅವನು 'ಹೋಯ್' ಎಂಬಲ್ಲಿ ಗುರುತು ಹಾಕಿಕೊಂಡ.