ನಿಧಾನದ ಮಾತ್ರೆ

ಬೆಳಕು ಹರಿಯುವ ಮುನ್ನ ನೀರು ತುಂಬಿ, ಪಾತ್ರೆ ತೊಳೆದು, ಹಾಲು ಕಾಯಿಸಿ, ಗಂಡನ ಅಂಗಿಗೆ ಇಸ್ತ್ರಿ ಹಾಕಿ, ಮಗಳ ಡಬ್ಬಿ ಕಟ್ಟಿ, ಆಮೇಲೆ ಹೊಲಿಗೆ ಯಂತ್ರದ ಮುಂದೆ ಕೂರುವವಳು ನಮ್ಮ ದೊಡ್ಡಕ್ಕ. ಬೀದಿಗೆಲ್ಲ ಅವಳು ದೊಡ್ಡಕ್ಕನೇ. ಹೃದಯಾಘಾತವಾದ ಮೇಲೂ ಅವಳ ಕೆಲಸಗಳಲ್ಲಿ ಒಂದೂ ಕಡಿಮೆಯಾಗಲಿಲ್ಲ. ಒಂದು ಮಾತ್ರೆ ಸೇರಿಕೊಂಡಿತು, ಅಷ್ಟೆ.

"ಇದು ಬೀಟಾ ಬ್ಲಾಕರ್ ಅಮ್ಮ. ಎದೆಬಡಿತ ನಿಧಾನ ಮಾಡಿ ಹೃದಯದ ಭಾರ ಇಳಿಸುತ್ತೆ," ಎಂದಿದ್ದರು ಡಾಕ್ಟರು.

ಆದರೆ ಅದನ್ನು ನುಂಗಿದರೆ ಅವಳ ಕೈಕಾಲೂ ನಿಧಾನವಾಗುತ್ತಿದ್ದವು. ಹಾಗಾಗಿ ರಾಶಿ ಬಟ್ಟೆ ಒಗೆಯುವ ದಿನ, ನೆಂಟರು ಬರುವ ದಿನ ಮಾತ್ರೆಗೆ ರಜೆ ಕೊಡುತ್ತಿದ್ದಳು.

ಮುಂದಿನ ತಪಾಸಣೆಯಲ್ಲಿ ನಾಡಿ ಓಡುತ್ತಿರುವುದನ್ನು ಕಂಡು ಡಾಕ್ಟರು ಅವಳ ಬಾಯಿ ಬಿಡಿಸಿದರು. "ನಿಮ್ಮಷ್ಟಕ್ಕೆ ನೀವೇ ಬಿಟ್ರೆ ಮತ್ತೆ ಎದೆಗೇ ಕುತ್ತು. ಸುಸ್ತಾದ್ರೆ ನನಗೆ ಹೇಳಿ, ಡೋಸ್ ನೋಡೋಣ."

ಮನೆಗೆ ಬರುವ ದಾರಿಯುದ್ದಕ್ಕೂ ಜೊತೆಗಿದ್ದ ಗಂಡನಿಗೆ ಸಿಟ್ಟು, ಒಳಗೊಳಗೇ ಹೆದರಿಕೆ.

"ಮಾತ್ರೆಗೆ ರಜೆ ಕೊಡೋಳು ನೀನೊಬ್ಳೇ ಕಣೇ! ನೀನ್ಯಾವಾಗ ರಜೆ ತಗೋಳೋದು?"

"ನೀವು ಒಲೆ ಹಚ್ಚಿದ ದಿನ."



ಮರುದಿನ ನಾದಿನಿಯ ಸಂಸಾರ ಊಟಕ್ಕೆ ಬರುವುದಿತ್ತು. ನಸುಕಿನಲ್ಲಿ ಎಲ್ಲರೂ ಗೊರಕೆ ಹೊಡೆಯುತ್ತಿದ್ದರು. ಹೆಚ್ಚಬೇಕಾದ ತರಕಾರಿ ಮೇಜಿನ ಮೇಲೆ ಗುಡ್ಡೆಬಿದ್ದಿತ್ತು. ದೊಡ್ಡಕ್ಕ ಮಾತ್ರೆ ನುಂಗಿ ನೀರು ಕುಡಿದಳು. ತರಕಾರಿಯನ್ನೊಮ್ಮೆ ನೋಡಿದಳು. ಯಾರನ್ನೂ ಎಬ್ಬಿಸದೆ, ಅಡುಗೆಮನೆಯ ದೀಪ ಆರಿಸಿ ಹೋಗಿ ಮತ್ತೆ ಮಲಗಿಕೊಂಡಳು.